ಮಾರ್ಕನ ಸುವಾರ್ತೆಯನ್ನು ಅದರ ಕಾಲ, ಅದರ ಸಮಾಜದ ಜೊತೆ ಓದಲು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ ಕೇಳಿದವರು: ವರ್ಕ್‌ಶಾಪ್ ಫಿಟ್ಟರ್, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಈ ಸಲ ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ನಮ್ಮ ಸಭೆಯ ಯುವಕರಿಗೆ ಬೈಬಲ್ ಅಧ್ಯಯನ ನಡೆಸುವ ಜವಾಬ್ದಾರಿ ನನ್ನ ಮೇಲೆ ಬಂದಿದೆ. ಮಾರ್ಕನ ಸುವಾರ್ತೆ ಆರಿಸಿಕೊಂಡೆ. ಹದಿನಾರೇ ಅಧ್ಯಾಯ, ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎಲ್ಲಕ್ಕಿಂತ ಚಿಕ್ಕದು. ಡ್ಯೂಟಿ ಮುಗಿಸಿ ಬರುವ ಹುಡುಗರಿಗೆ ಸರಿಹೋಗುತ್ತದೆ ಅನಿಸಿತು.

ನಮ್ಮಲ್ಲಿ ಅಧ್ಯಯನ ಅಂದರೆ ಒಬ್ಬರು ಐದಾರು ವಚನ ಓದುವುದು, ಆಮೇಲೆ ಸುತ್ತ ಕೂತವರು ಒಬ್ಬೊಬ್ಬರಾಗಿ ‘ಈ ವಚನ ನನಗೆ ಏನು ಹೇಳುತ್ತದೆ’ ಅಂತ ಹೇಳುವುದು. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಅದರಿಂದ ನನಗೂ ಎಷ್ಟೋ ಸಲ ಧೈರ್ಯ ಸಿಕ್ಕಿದೆ. ಆದರೆ ಆ ಮಾತನ್ನು ಮೊದಲು ಕೇಳಿಸಿಕೊಂಡವರು ಯಾರು? ಅವರ ಮನೆ ಹೇಗಿತ್ತು, ಯಾರಿಗೆ ತೆರಿಗೆ ಕಟ್ಟುತ್ತಿದ್ದರು, ಯಾರನ್ನು ಕಂಡರೆ ಹೆದರುತ್ತಿದ್ದರು? ಇದನ್ನು ಯಾರೂ ಕೇಳುವುದೇ ಇಲ್ಲ.

ಮೊನ್ನೆ ಮೊದಲ ಅಧ್ಯಾಯ ಓದುವಾಗ ಒಬ್ಬ ಹುಡುಗ ಕೇಳಿದ: ‘ಅಣ್ಣಾ, ಈ ಮೀನುಗಾರರು ಬಲೆ ಬಿಟ್ಟು ಯೇಸುವಿನ ಹಿಂದೆ ಹೋದರು ಸರಿ. ಮನೆಯಲ್ಲಿದ್ದವರ ಹೊಟ್ಟೆಗೆ ಏನು?’ ಆ ಹುಡುಗನ ಅಪ್ಪ ತೀರಿಕೊಂಡಿದ್ದಾರೆ, ಅವನ ದುಡಿಮೆಯ ಮೇಲೆಯೇ ಮನೆ ನಡೆಯುತ್ತಿದೆ. ಅವನು ಚೇಷ್ಟೆಗೆ ಕೇಳಲಿಲ್ಲ. ಅವನಿಗೆ ‘ನಂಬಿಕೆ ಇಟ್ಟರೆ ಎಲ್ಲ ಆಗುತ್ತದೆ’ ಅಂತ ಹೇಳಿ ಸಾಗಹಾಕಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದು ವಿಷಯ. ಮಾರ್ಕನ ಸುವಾರ್ತೆ ಬರೆದದ್ದು ಸುಮಾರು ಕ್ರಿ.ಶ. 70ರ ಆಸುಪಾಸಿನಲ್ಲಿ, ಅಂದರೆ ಯೇಸು ಶಿಲುಬೆಗೇರಿ ನಲವತ್ತು ವರ್ಷದ ಹೊತ್ತಿಗೆ ಅಂತ ಓದಿದ್ದೆ. ಅದನ್ನು ಕೂಟದಲ್ಲಿ ಹೇಳಿದಾಗ ಹಿರಿಯರೊಬ್ಬರಿಗೆ ಬೇಸರವಾಯಿತು. ‘ಇತಿಹಾಸ ಎಲ್ಲ ಕಾಲೇಜಿನಲ್ಲಿ ಇಟ್ಟುಕೊಳ್ಳಿ, ಇಲ್ಲಿ ಹುಡುಗರ ವಿಶ್ವಾಸ ಅಲುಗಾಡಿಸಬೇಡಿ’ ಅಂದರು. ಅವರ ಮೇಲೆ ನನಗೆ ಗೌರವ ಇದೆ. ಚಿಕ್ಕಂದಿನಲ್ಲಿ ನನಗೆ ಸಂಡೇ ಸ್ಕೂಲ್ ಕಲಿಸಿದವರು ಅವರೇ.

ಹಾಗಾಗಿ ಕೇಳುತ್ತಿದ್ದೇನೆ. ಎಲ್ಲಿಂದ ಶುರು ಮಾಡಬೇಕು? ಯಾವುದು ಗಟ್ಟಿ ಸಂಗತಿ, ಯಾವುದು ವಿದ್ವಾಂಸರ ಊಹೆ? ಹಿರಿಯರಿಗೆ ಏನು ಹೇಳಲಿ? ಆ ಹುಡುಗನಿಗೆ ಏನು ಹೇಳಲಿ?


ಉತ್ತರ: ಬೆಟಗೇರಿ ಟೀಚರ್, ಗದಗ

ತಮ್ಮಾ, ಮೊದಲು ಆ ಹುಡುಗನ ಪ್ರಶ್ನೆ ತೆಗೆದುಕೊಳ್ಳೋಣ. ಅವನ ಪ್ರಶ್ನೆಯೇ ನಿನ್ನ ಅಧ್ಯಯನದ ಬಾಗಿಲು. ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ರಿಟೈರ್ ಆದವಳು. ಈಗ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಕೆಲವರು ಕೂತು ಸುವಾರ್ತೆ ಓದುತ್ತೇವೆ. ನೇಕಾರರಿದ್ದಾರೆ, ಒಬ್ಬ ನರ್ಸ್ ಇದ್ದಾಳೆ, ಹೊಲಿಗೆ ಹಾಕುವವರಿದ್ದಾರೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮಾರ್ಕ 1:20, ಅಂದರೆ ಒಂದನೇ ಅಧ್ಯಾಯದ 20ನೇ ವಚನ, ಇನ್ನೊಮ್ಮೆ ಓದು. ಯಾಕೋಬ, ಯೋಹಾನ ಇಬ್ಬರೂ ತಂದೆ ಜೆಬೆದಾಯನನ್ನು ದೋಣಿಯಲ್ಲಿ ಬಿಟ್ಟು ಹೋದರು. ಒಬ್ಬನನ್ನೇ ಅಲ್ಲ, ಕೂಲಿಯಾಳುಗಳ ಜೊತೆ. ಕೂಲಿಯಾಳು ಇಟ್ಟುಕೊಳ್ಳುವಷ್ಟು ಅನುಕೂಲ ಆ ಮನೆಗೆ ಇತ್ತು. ದೋಣಿ ಅಲ್ಲೇ ಉಳಿಯಿತು, ಕೆಲಸ ನಿಲ್ಲಲಿಲ್ಲ. ಮುಂದೆ 1:29ರಲ್ಲಿ ಸೀಮೋನನ ಮನೆ ಬರುತ್ತದೆ, ಅಲ್ಲಿ ಅವನ ತಮ್ಮ, ಅವನ ಅತ್ತೆ ಇದ್ದಾರೆ. ಅದು ಕೂಡು ಕುಟುಂಬ. ಯೇಸು ಅದೇ ಮನೆಗೆ ಹೋಗಿ ಬಂದು ಮಾಡುತ್ತಾನೆ. ಹಾಗಂತ ಅವರು ಬಿಟ್ಟದ್ದು ಸುಲಭದ್ದು ಅಂತ ಅಲ್ಲ. ದುಡಿಯುವ ಇಬ್ಬರು ಗಂಡುಮಕ್ಕಳು ಒಂದೇ ದಿನ ಎದ್ದು ಹೋದರೆ ಆ ತಂದೆಗೆ ಏನಾಗಿರಬೇಕು? ಆ ಪ್ರಶ್ನೆಗೆ ಸುವಾರ್ತೆ ಉತ್ತರ ಕೊಡುವುದಿಲ್ಲ. ಕೊಡದಿದ್ದನ್ನು ನಾವು ತುಂಬಬಾರದು. ಆದರೆ 10:28ರಲ್ಲಿ ಪೇತ್ರ, ಅಂದರೆ ಅದೇ ಸೀಮೋನ, ‘ನಾವು ಎಲ್ಲ ಬಿಟ್ಟು ಬಂದೆವು’ ಅಂದಾಗ ಯೇಸು ಅದನ್ನು ತಳ್ಳಿಹಾಕುವುದಿಲ್ಲ. ಮನೆ, ತಾಯಿ, ಮಕ್ಕಳು, ಹೊಲ ಅಂತ ಬಿಟ್ಟದ್ದನ್ನೆಲ್ಲ ಹೆಸರಿಟ್ಟು ಹೇಳುತ್ತಾನೆ. ನಿನ್ನ ಹುಡುಗನಿಗೆ ಈ ಮೂರು ಜಾಗ ತೋರಿಸು. ಅವನ ಪ್ರಶ್ನೆ ಸುವಾರ್ತೆಯ ಒಳಗೇ ಇದೆ ಅಂತ ಅವನಿಗೆ ಗೊತ್ತಾಗಲಿ.

ಆ ದೋಣಿ ಹೇಗಿತ್ತು ಅಂತಲೂ ಹೇಳಬಹುದು. 1986ರಲ್ಲಿ ಬರಗಾಲ ಬಿದ್ದು ಗಲಿಲಾಯ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಒಂದು ಹಳೆಯ ದೋಣಿ ಸಿಕ್ಕಿತು. ಹೆಚ್ಚುಕಡಿಮೆ ಯೇಸುವಿನ ಕಾಲದ್ದು. ಉದ್ದ ಸುಮಾರು 8 ಮೀಟರ್, ಅಗಲ 2 ಮೀಟರ್ ಚಿಲ್ಲರೆ. ಅದನ್ನು ಮತ್ತೆ ಮತ್ತೆ ರಿಪೇರಿ ಮಾಡಿದ್ದರು. ಒಂದೇ ಜಾತಿಯ ಮರ ಅಲ್ಲ, ಕೈಗೆ ಸಿಕ್ಕ ಹತ್ತಾರು ಜಾತಿಯ ತುಂಡು ಹಾಕಿ ತೇಪೆ ಹಚ್ಚಿದ್ದಾರೆ. ನೀನು ಫಿಟ್ಟರ್ ಅಲ್ವಾ, ಆ ದೋಣಿಯನ್ನು ಇಷ್ಟು ವರ್ಷ ಓಡಿಸಿದ ಕೈಗಳ ಬಗ್ಗೆ ನಿನಗೆ ನನಗಿಂತ ಜಾಸ್ತಿ ಗೊತ್ತಾಗುತ್ತದೆ. ಆ ಸರೋವರದ ಉದ್ದ 21 ಕಿಲೋಮೀಟರ್, ಹುಬ್ಬಳ್ಳಿ ಧಾರವಾಡದ ನಡುವಿನ ದೂರದಷ್ಟು. ಸುವಾರ್ತೆಯಲ್ಲಿ ಅದನ್ನೇ ‘ಸಮುದ್ರ’ ಅನ್ನುತ್ತಾರೆ. ಇದನ್ನು ಹೇಳಿದ ಮೇಲೆ ನಮ್ಮ ಕೂಟದಲ್ಲಿ ‘ಸಮುದ್ರ’ ಅಂದಾಗ ಅರಬ್ಬಿ ಸಮುದ್ರ ಕಣ್ಣಿಗೆ ಬರುವುದು ನಿಂತಿತು.

ಎಲ್ಲಿಂದ ಶುರು ಅಂದರೆ, ಮೊದಲು ಇಡೀ ಸುವಾರ್ತೆಯನ್ನು ಒಂದೇ ಕೂತಲ್ಲಿ ಓದಿ. ಗಟ್ಟಿಯಾಗಿ, ಒಬ್ಬರಾದ ಮೇಲೆ ಒಬ್ಬರು. ಎರಡು ತಾಸು ಸಾಕು. ಆಗ ಬರೆಯಲು ಓದಲು ಬರುತ್ತಿದ್ದವರು ಬಹಳ ಕಡಿಮೆ. ಸುವಾರ್ತೆಯನ್ನು ಹೆಚ್ಚಿನವರು ಕಿವಿಯಿಂದ ಕೇಳಿದರು. ಐದಾರು ವಚನ ಕತ್ತರಿಸಿ ಓದಿದರೆ ಕಾಣದ್ದು ಇಡಿಯಾಗಿ ಕೇಳಿದಾಗ ಕಾಣುತ್ತದೆ. ಆರನೇ ಅಧ್ಯಾಯ ನೋಡು. ಮೊದಲು ಹೆರೋದನ ಹುಟ್ಟುಹಬ್ಬದ ಊಟ. ಅಲ್ಲಿ ಕೂತವರು ದೊಡ್ಡ ಅಧಿಕಾರಿಗಳು, ಸೈನ್ಯದ ಮುಖ್ಯಸ್ಥರು, ಗಲಿಲಾಯದ ಪ್ರಮುಖರು. ಆ ಊಟದ ಕೊನೆಗೆ ತಟ್ಟೆಯಲ್ಲಿ ಸ್ನಾನಿಕ ಯೋಹಾನನ ತಲೆ ಬರುತ್ತದೆ (ಜೆಬೆದಾಯನ ಮಗ ಅಲ್ಲ, ದೀಕ್ಷಾಸ್ನಾನ ಮಾಡಿಸುತ್ತಿದ್ದ ಪ್ರವಾದಿ). ಅದರ ಹಿಂದೆಯೇ ಇನ್ನೊಂದು ಊಟ, ಹಸಿರು ಹುಲ್ಲಿನ ಮೇಲೆ, ಐದು ರೊಟ್ಟಿ ಎರಡು ಮೀನು, ಕರೆಯದೆ ಬಂದ ಜನ. ಮಾರ್ಕನು ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾನೆ. ನಮ್ಮಲ್ಲಿ ಒಂದನ್ನು ಒಂದು ಭಾನುವಾರ, ಇನ್ನೊಂದನ್ನು ಯಾವಾಗಲೋ ಓದುತ್ತೇವೆ. ಹಾಗೆ ಓದಿದರೆ ಜನ ಆಗ ಯಾರ ಆಳ್ವಿಕೆಯಲ್ಲಿ ಹಸಿದಿದ್ದರು ಅನ್ನುವುದೇ ಕೈತಪ್ಪಿ ಹೋಗುತ್ತದೆ.

ಈ ಹೆರೋದ ಅಂತಿಪ. ಕೂಸುಗಳನ್ನು ಕೊಲ್ಲಿಸಿದ ಹೆರೋದನ ಮಗ. ಕ್ರಿ.ಪೂ. 4ರಿಂದ ಕ್ರಿ.ಶ. 39ರವರೆಗೆ ಗಲಿಲಾಯ ಆಳಿದವನು. ಇಲ್ಲಿ ಒಂದು ಸಂಗತಿ ಗಟ್ಟಿ ಮಾಡಿಕೋ. ಯೇಸುವಿನ ಕಾಲದಲ್ಲಿ ಗಲಿಲಾಯದಲ್ಲಿ ರೋಮಿನ ಅಧಿಪತಿ ಕೂತಿರಲಿಲ್ಲ, ರೋಮಿಗೆ ಅಡಿಯಾಳಾಗಿದ್ದ ಅಂತಿಪ ಇದ್ದ. ಯೆರೂಸಲೇಮ್ ಇದ್ದ ದಕ್ಷಿಣದ ಸೀಮೆ ಯೂದಾಯ ಮಾತ್ರ ಕ್ರಿ.ಶ. 6ರಿಂದ ನೇರವಾಗಿ ರೋಮಿನ ಕೈಯಲ್ಲಿತ್ತು. ಹಾಗಾಗಿ ಕಪೆರ್ನೌಮಿನಲ್ಲಿ ಸುಂಕದ ಕಟ್ಟೆಯಲ್ಲಿ ಕೂತ ಲೇವಿ ಅಂತಿಪನ ಸುಂಕ ಎತ್ತುವವನು. ಆ ಊರು ಅಂತಿಪನ ಗಡಿಯ ಹತ್ತಿರ ಇತ್ತು, ಆಚೆ ಅವನ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಫಿಲಿಪ್ಪನ ಸೀಮೆ. ‘ಕೈಸರನಿಗೆ (ರೋಮಿನ ಚಕ್ರವರ್ತಿಗೆ) ತೆರಿಗೆ ಕೊಡಬಹುದೋ’ ಅನ್ನುವ ಪ್ರಶ್ನೆ ಮಾತ್ರ ಯೆರೂಸಲೇಮಿನಲ್ಲಿ ಬರುತ್ತದೆ. ಅಲ್ಲಿ ಅದು ಜೀವಕ್ಕೆ ಕುತ್ತು ತರುವ ಪ್ರಶ್ನೆ. ಆ ತೆರಿಗೆಯ ವಿರುದ್ಧ ಕ್ರಿ.ಶ. 6ರಲ್ಲೇ ಗಲಿಲಾಯದ ಯೂದ ಅನ್ನುವವನು ದಂಗೆ ಎಬ್ಬಿಸಿದ್ದ. ಅಪೊಸ್ತಲರ ಕೃತ್ಯಗಳು 5:37ರಲ್ಲಿ ಅವನ ಹೆಸರು ಇದೆ.

ಇನ್ನು ದುಡ್ಡಿನ ಲೆಕ್ಕ. ಒಂದು ದಿನಾರ ಅಂದರೆ ಒಂದು ದಿನದ ಕೂಲಿ. ಮತ್ತಾಯ 20ರ ದ್ರಾಕ್ಷಿತೋಟದ ಕೂಲಿಗಳ ಸಾಮ್ಯದಿಂದ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯಿಂದ, ಇದು ಗೊತ್ತಾಗುತ್ತದೆ. ನಿಮ್ಮ ಕಡೆ ಇವತ್ತಿನ ಕೂಲಿ ಎಷ್ಟಿದೆಯೋ ಅದನ್ನು ಹಾಕಿ ಗುಣಿಸಿ. ಜನರಿಗೆ ರೊಟ್ಟಿ ಕೊಡಿಸಲು ಇನ್ನೂರು ದಿನಾರ ಬೇಕು ಅಂತ ಶಿಷ್ಯರು ಹೇಳುತ್ತಾರೆ. ಬೇಥಾನ್ಯ ಅನ್ನುವ ಊರಲ್ಲಿ ಒಬ್ಬ ಹೆಂಗಸು ಯೇಸುವಿನ ತಲೆಯ ಮೇಲೆ ಸುರಿದ ತೈಲದ ಬೆಲೆ ಮುನ್ನೂರು ದಿನಾರಕ್ಕಿಂತ ಜಾಸ್ತಿ, ಹತ್ತಿರ ಹತ್ತಿರ ಒಂದು ವರ್ಷದ ದುಡಿಮೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಬಡ ವಿಧವೆ ಹಾಕಿದ ಎರಡು ಕಾಸು ಸೇರಿದರೆ ದಿನಾರದ 64ರಲ್ಲಿ ಒಂದು ಪಾಲು. ಈ ಲೆಕ್ಕ ಹಾಕಿದ ಮೇಲೆ ನಮ್ಮ ಪಡಸಾಲೆಯಲ್ಲಿ ಮಾತಿನ ದಿಕ್ಕೇ ಬದಲಾಯಿತು.

ಆ ವಿಧವೆಯ ವಿಷಯ ಸ್ವಲ್ಪ ನಿಂತು ಹೇಳಬೇಕು. ಕಾಣಿಕೆ ಎತ್ತುವ ಮುಂಚೆ ಅವಳ ಕಥೆ ಹೇಳುವುದು ನಮ್ಮಲ್ಲಿ ರೂಢಿ. ಆದರೆ ಮಾರ್ಕ 12:40 ನೋಡು. ಅವಳು ಬರುವ ಸ್ವಲ್ಪ ಮುಂಚೆ ಯೇಸು ಶಾಸ್ತ್ರಿಗಳ ಬಗ್ಗೆ, ಇವರು ವಿಧವೆಯರ ಮನೆಗಳನ್ನು ನುಂಗುತ್ತಾರೆ ಅಂತ ಹೇಳಿರುತ್ತಾನೆ. ಅವಳು ಬದುಕಿಗಿದ್ದದ್ದನ್ನೆಲ್ಲ ಹಾಕಿ ಹೋದ ಕೂಡಲೇ, 13ನೇ ಅಧ್ಯಾಯದ ಮೊದಲ ಮಾತಿನಲ್ಲಿ ಶಿಷ್ಯನೊಬ್ಬ ದೇವಾಲಯದ ಕಲ್ಲು ಎಷ್ಟು ಚೆನ್ನ ಅನ್ನುತ್ತಾನೆ. ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಯೇಸು ಉತ್ತರಿಸುತ್ತಾನೆ. ಆ ವಿಧವೆಯ ಭಕ್ತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅವಳ ಕೊನೆಯ ಕಾಸು ಅಲ್ಲಿಗೆ ಯಾಕೆ ಹೋಗಬೇಕಾಯಿತು ಅನ್ನುವ ನೋವೂ ಆ ಮಾತಿನಲ್ಲಿ ಇದೆ ಅಂತ ನಾನು ನಂಬುತ್ತೇನೆ. ಗಂಡ ತೀರಿಕೊಂಡ ನಮ್ಮ ಕೂಟದ ನೇಕಾರ ಹೆಣ್ಣುಮಗಳು ಇದನ್ನು ಓದಿದ ದಿನ ‘ಇಷ್ಟು ವರ್ಷ ಅವಳ ಹಾಗೆ ಕೊಡು ಅಂತ ನನಗೆ ಹೇಳಿದರು, ಅವಳ ಮನೆಯ ಬಗ್ಗೆ ಯಾರೂ ಕೇಳಲಿಲ್ಲ’ ಅಂದಳು.

ಮನೆ ಅಂದಾಗ ನೆನಪಾಯಿತು. ಎರಡನೇ ಅಧ್ಯಾಯದ ಪಾರ್ಶ್ವವಾಯು ರೋಗಿಯ ಕಥೆಯನ್ನು ಗದಗಿನ ಹಳ್ಳಿಯವರಿಗೆ ಬಿಡಿಸಿ ಹೇಳುವುದೇ ಬೇಡ. ಕಪೆರ್ನೌಮಿನ ಮನೆಗಳ ಗೋಡೆ ಕರಿಕಲ್ಲಿನದು. ಮೇಲೆ ತೊಲೆ, ಕೊಂಬೆ, ಅದರ ಮೇಲೆ ಮಣ್ಣು. ನಮ್ಮ ಮೇಲ್ಮುದ್ದೆ ಮನೆ ಇದ್ದ ಹಾಗೆ. ರೋಗಿಯನ್ನು ಯೇಸುವಿನ ಮುಂದೆ ಇಳಿಸಲು ಆ ನಾಲ್ವರು ಮೇಲೆ ಹತ್ತಿ ಅಗೆದದ್ದು ಸರಿಯಾಗಿ ಕಣ್ಣಿಗೆ ಕಟ್ಟುತ್ತದೆ, ಕೆಳಗೆ ಕೂತವರ ತಲೆಗೆ ಮಣ್ಣು ಉದುರಿದ್ದು ಕೂಡ. ಅದೇ ಕಥೆಯನ್ನು ಲೂಕನು ಹೇಳುವಾಗ ಹಂಚು ತೆಗೆದರು ಅಂತ ಬರುತ್ತದೆ (5:19). ಅವನ ಓದುಗರು ಹಂಚಿನ ಮನೆಗಳ ಪಟ್ಟಣದವರು ಇದ್ದಿರಬೇಕು ಅಂತ ವಿದ್ವಾಂಸರು ಹೇಳುತ್ತಾರೆ. ಕಥೆ ಸುಳ್ಳು ಅಂತ ಅಲ್ಲ. ಒಬ್ಬೊಬ್ಬ ಸುವಾರ್ತಿಕನಿಗೂ ಎದುರಿಗೆ ಕೂತ ಜನ ಬೇರೆ ಇದ್ದರು ಅಂತ. ಮಾರ್ಕನ ಕೇಳುಗರಲ್ಲೂ ಯೆಹೂದ್ಯರಲ್ಲದವರು ಇದ್ದರು. 7:3ರಲ್ಲಿ ಅವನು ಕೈ ತೊಳೆಯುವ ಆಚಾರವನ್ನು ನಿಂತು ವಿವರಿಸುವುದು ಅದಕ್ಕೇ.

ಕೊನೆಗೆ ಒಂದು ಎಚ್ಚರಿಕೆ, ಇದನ್ನು ಕೈಮುಗಿದು ಹೇಳುತ್ತೇನೆ. ಸಂದರ್ಭ ಕಲಿಸುವ ಹೆಸರಿನಲ್ಲಿ ಯೆಹೂದ್ಯರೆಲ್ಲ ಕೆಟ್ಟವರು, ಯೇಸು ಒಬ್ಬನೇ ಒಳ್ಳೆಯವನು ಅನ್ನುವ ಪಾಠ ಮಾಡಬೇಡ. ಯೇಸು ಯೆಹೂದ್ಯ. ಅವನ ತಾಯಿ, ಶಿಷ್ಯರು ಯೆಹೂದ್ಯರು. ಫರಿಸಾಯರು ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡ, ಅವರ ಜೊತೆಗಿನ ವಾದ ಮನೆಯೊಳಗಿನ ವಾದ. ಯಾಯೀರ ಸಭಾಮಂದಿರದ ಅಧಿಕಾರಿ. 12:34ರಲ್ಲಿ ಒಬ್ಬ ಶಾಸ್ತ್ರಿಗೆ ಯೇಸು ‘ನೀನು ದೇವರ ರಾಜ್ಯಕ್ಕೆ ದೂರದವನಲ್ಲ’ ಅನ್ನುತ್ತಾನೆ. ಹೂಳಲು ಜಾಗ ಕೊಟ್ಟ ಅರಿಮಥಾಯದ ಯೋಸೇಫನೂ ಯೆಹೂದ್ಯ ಮುಖಂಡರ ಆಲೋಚನಾ ಸಭೆಯವನೇ. ಈ ಹೆಸರುಗಳನ್ನು ಹುಡುಗರಿಗೆ ಬಾಯಿಪಾಠ ಮಾಡಿಸು.

ಹಿರಿಯರಿಗೆ ಏನು ಹೇಳುವುದು? ಪ್ರತಿ ಭಾನುವಾರ ನಾವೆಲ್ಲ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುತ್ತೇವೆ. ಅದರಲ್ಲಿ ಒಬ್ಬ ರೋಮನ್ ಅಧಿಕಾರಿಯ ಹೆಸರು ಇದೆ, ಪೊಂತ್ಯ ಪಿಲಾತ. ಅವನು ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ. ನಮ್ಮ ವಿಶ್ವಾಸದಲ್ಲೇ ಇತಿಹಾಸ ಇದೆ, ಅದನ್ನು ಹೊರಗಿನಿಂದ ಯಾರೂ ತಂದು ಹಾಕಿಲ್ಲ. ಇದನ್ನು ಅವರ ಮನೆಗೆ ಹೋಗಿ, ಕೂತು, ಗೌರವದಿಂದ ಹೇಳು. ಎಲ್ಲರ ಮುಂದೆ ಬೇಡ.


ಉತ್ತರ: ಬ್ಯಾಡಗಿ ರೈತ, ಹಾವೇರಿ ಜಿಲ್ಲೆ

ಅಕ್ಕಾರು ಚೆನ್ನಾಗಿ ಹೇಳಿದ್ದಾರೆ. ನಾನು ಕ್ರೈಸ್ತ ಅಲ್ಲ. ಆದರೆ ನನ್ನ ಗೆಳೆಯರೊಬ್ಬರ ಮನೆಯಲ್ಲಿ ಮಾರ್ಕ 12ರ ದ್ರಾಕ್ಷಿತೋಟದ ಗುತ್ತಿಗೆದಾರರ ಸಾಮ್ಯ ಓದಿದಾಗ ಅಲ್ಲಿದ್ದೆ. ಅವತ್ತಿನಿಂದ ಆ ಕಥೆ ತಲೆಯಲ್ಲಿ ಕೂತಿದೆ.

ಒಬ್ಬ ತೋಟ ಮಾಡಿ, ಬೇಲಿ ಹಾಕಿ, ಗುತ್ತಿಗೆಗೆ ಕೊಟ್ಟು ಬೇರೆ ದೇಶಕ್ಕೆ ಹೋಗುತ್ತಾನೆ. ಸುಗ್ಗಿಗೆ ತನ್ನ ಪಾಲು ತರಲು ಆಳು ಕಳಿಸುತ್ತಾನೆ. ಗುತ್ತಿಗೆದಾರರು ಹೊಡೆದು ಕಳಿಸುತ್ತಾರೆ. ಕೊನೆಗೆ ಮಗನನ್ನೇ ಕೊಲ್ಲುತ್ತಾರೆ. ಇದನ್ನು ಕೇಳಿದಾಗ ನನಗೆ ಸಿಟ್ಟು ಬಂದದ್ದು ತೋಟದ ಒಡೆಯನ ಮೇಲೆ! ನಮ್ಮ ಅಜ್ಜ ಲಾವಣಿಗೆ ಹೊಲ ಮಾಡಿದವರು. ಹೊಲದವರು ಪಟ್ಟಣದಲ್ಲಿ, ಸುಗ್ಗಿಯ ದಿನ ಮಾತ್ರ ಕಣಕ್ಕೆ ಬರುತ್ತಿದ್ದರು. 1974ರಲ್ಲಿ ಭೂಸುಧಾರಣೆ ಕಾನೂನು ಜಾರಿಗೆ ಬಂದು, ಅಜ್ಜ ಅರ್ಜಿ ಹಾಕಿ ಅಲೆದಾಡಿದ ಮೇಲೆ ಆ ಹೊಲ ನಮ್ಮದಾಯಿತು. ಹಾಗಾಗಿ ದೂರ ಇರುವ ಒಡೆಯ, ಉಳುವವನು, ಸುಗ್ಗಿಗೆ ಬರುವ ಆಳು, ಈ ಮೂವರನ್ನೂ ನಾನು ಬಲ್ಲೆ.

ಆದರೆ ಗೆಳೆಯರು ಆಮೇಲೆ ತೋರಿಸಿದ್ದು ಬೇರೆ. ಆ ಕಥೆ ಕೇಳಿ ಯೆರೂಸಲೇಮಿನ ಮುಖಂಡರು ‘ಇದು ನಮ್ಮನ್ನೇ ಕುರಿತದ್ದು’ ಅಂತ ತಿಳಿದುಕೊಂಡರು ಅಂತ 12ನೇ ವಚನದಲ್ಲಿದೆ. ಬೇಲಿ, ಬುರುಜು, ದ್ರಾಕ್ಷಿ ತುಳಿಯುವ ತೊಟ್ಟಿ ಎಲ್ಲ ಪ್ರವಾದಿ ಯೆಶಾಯನ 5ನೇ ಅಧ್ಯಾಯದಲ್ಲಿ ಮೊದಲೇ ಇದೆ. ಅಲ್ಲಿ ದ್ರಾಕ್ಷಿತೋಟ ಅಂದರೆ ಇಸ್ರಾಯೇಲ್ ಜನ. ಅಂದರೆ ಇಲ್ಲಿ ಗುತ್ತಿಗೆದಾರ ಅಂದರೆ ಬಡ ರೈತ ಅಲ್ಲ, ಜನರನ್ನು ನೋಡಿಕೊಳ್ಳಲು ನೇಮಿಸಿದ ದೊಡ್ಡವರು.

ಹಾಗಾಗಿ ಫಿಟ್ಟರ್ ಅಣ್ಣನಿಗೆ ನನ್ನದೊಂದು ಮಾತು. ನಮ್ಮ ಊರಿನ ಅನುಭವ ಕಥೆಯ ಒಳಗೆ ಹೋಗಲು ಸಹಾಯ ಮಾಡುತ್ತದೆ, ಆದರೆ ಅಲ್ಲೇ ನಿಂತರೆ ನಮ್ಮ ಅಜ್ಜನ ಕಥೆ ಕೇಳಿದ ಹಾಗೆ ಆಗುತ್ತದೆ, ಯೇಸುವಿನ ಕಥೆ ಅಲ್ಲ. ಮೊದಲು ಹುಡುಗರು ತಮ್ಮ ಅನುಭವ ಹೇಳಲಿ. ಆಮೇಲೆ ‘ಇದು ಯಾವ ಊರಲ್ಲಿ, ಯಾರ ಮುಂದೆ, ಯಾವ ದಿನ ಹೇಳಿದ ಮಾತು’ ಅಂತ ಕೇಳಿ. ಆದರೂ ಹೇಳುತ್ತೇನೆ, ಆ ಗುಂಪಿನಲ್ಲಿ ನಿಂತು ಕೇಳಿದ ಗುತ್ತಿಗೆ ರೈತನಿಗೆ ನನಗಾದ ಹಾಗೇ ಆಗಿರಬೇಕು. ಅದನ್ನು ಬಿಟ್ಟುಕೊಡಲು ನನಗೆ ಇಷ್ಟ ಇಲ್ಲ.


ಉತ್ತರ: ಸಪ್ತಾಪುರ ಓದುಗ, ಧಾರವಾಡ

ನಾನು ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಗಟ್ಟಿ ಯಾವುದು, ಊಹೆ ಯಾವುದು ಅಂತ ಕೇಳಿದ್ದೀರಿ. ನನಗೆ ತಿಳಿದಷ್ಟು ಹೇಳುತ್ತೇನೆ.

ಬೈಬಲಿನ ಹೊರಗೆ ಮುಖ್ಯವಾಗಿ ಇಬ್ಬರು ಬರಹಗಾರರು ಸಿಗುತ್ತಾರೆ. ಒಬ್ಬ ಯೆಹೂದ್ಯ ಇತಿಹಾಸಕಾರ ಜೋಸೆಫಸ್, ಹುಟ್ಟಿದ್ದು ಕ್ರಿ.ಶ. 37ರಲ್ಲಿ. ಗಲಿಲಾಯ, ಹೆರೋದನ ಮನೆತನ, ದೇವಾಲಯ, ರೋಮಿನ ಜೊತೆಗಿನ ಯುದ್ಧ, ಇವುಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಅವನಿಂದಲೇ. ಸ್ನಾನಿಕ ಯೋಹಾನನ ಕೊಲೆಯನ್ನು ಅವನೂ ಬರೆದಿದ್ದಾನೆ. ಜನ ದಂಗೆ ಏಳಬಹುದು ಅನ್ನುವ ಭಯಕ್ಕೆ ಅಂತಿಪ ಕೊಲ್ಲಿಸಿದ ಅಂತ ಅವನ ಮಾತು. ಮಾರ್ಕನು ಅಂತಿಪನ ಹೆಂಡತಿ ಹೆರೋದ್ಯಳ ದ್ವೇಷ ಅನ್ನುತ್ತಾನೆ. ಎರಡನ್ನೂ ಹುಡುಗರ ಮುಂದಿಡಿ, ಒಂದನ್ನು ಒರೆಸಿ ಹಾಕುವುದು ಬೇಡ. ಯೇಸುವಿನ ತಮ್ಮ ಯಾಕೋಬನನ್ನು 62ರಲ್ಲಿ ಕೊಂದದ್ದೂ ಜೋಸೆಫಸ್‌ನಲ್ಲಿದೆ. ಯೇಸುವಿನ ಬಗ್ಗೆಯೇ ಇರುವ ಒಂದು ಭಾಗಕ್ಕೆ ಮಾತ್ರ ಆಮೇಲೆ ಕ್ರೈಸ್ತರು ಕೈ ಹಚ್ಚಿದ್ದಾರೆ ಅಂತ ಬಹಳಷ್ಟು ವಿದ್ವಾಂಸರ ಅಭಿಪ್ರಾಯ. ಆ ಭಾಗ ತೋರಿಸಿ ವಾದ ಮಾಡಬೇಡಿ. ಇನ್ನೊಬ್ಬ ರೋಮಿನ ಟಾಸಿಟಸ್. ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ಪಿಲಾತನು ಕ್ರಿಸ್ತನಿಗೆ ಮರಣದಂಡನೆ ಕೊಟ್ಟ ಅಂತ ಬರೆದಿದ್ದಾನೆ. ಅವನಿಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ, ಅದಕ್ಕೇ ಆ ಸಾಕ್ಷಿಗೆ ತೂಕ ಜಾಸ್ತಿ. 1961ರಲ್ಲಿ ಕೈಸರೈಯದಲ್ಲಿ ಪಿಲಾತನ ಹೆಸರು ಕೆತ್ತಿದ ಕಲ್ಲು ಸಿಕ್ಕಿದೆ.

66ರಲ್ಲಿ ಯುದ್ಧ ಶುರುವಾಯಿತು, 70ರಲ್ಲಿ ರೋಮಿನ ಸೇನಾಪತಿ ತೀತನ ಸೈನ್ಯ ಯೆರೂಸಲೇಮಿನ ದೇವಾಲಯವನ್ನು ಸುಟ್ಟಿತು. ಇದು ಗಟ್ಟಿ. ಮಾರ್ಕನ ಸುವಾರ್ತೆ ಆ ಯುದ್ಧದ ಹೊತ್ತಿನದು ಅನ್ನುವುದು 13ನೇ ಅಧ್ಯಾಯ ನೋಡಿ ಹೆಚ್ಚಿನವರು ಒಪ್ಪುವ ಮಾತು. ಸ್ವಲ್ಪ ಮುಂಚೆಯೋ ಆಮೇಲೋ ಅನ್ನುವಲ್ಲಿ ವಾದ ಇದೆ. ಬರೆದದ್ದು ರೋಮಿನಲ್ಲಿ ಅಂತ ಹಳೆಯ ಪರಂಪರೆ, ಸಿರಿಯ ಅಥವಾ ಗಲಿಲಾಯದ ಹತ್ತಿರ ಅಂತ ಇನ್ನು ಕೆಲವರು. ಗಲಿಲಾಯದ ಜನ ಸಾಲ ತೆರಿಗೆಯಲ್ಲಿ ಎಷ್ಟು ನಲುಗಿದ್ದರು ಅನ್ನುವುದರಲ್ಲೂ ಒಮ್ಮತ ಇಲ್ಲ. ಬಹಳ ಕಷ್ಟದಲ್ಲಿದ್ದರು ಅನ್ನುವವರಿದ್ದಾರೆ. ಮಗ್ದಲದಂಥ ಊರುಗಳ ಉತ್ಖನನ ನೋಡಿ ಮೀನು, ಮಡಕೆಯ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು ಅನ್ನುವವರೂ ಇದ್ದಾರೆ. ಟೀಚರ್ ಮೇಡಂ ‘ಹಸಿದಿದ್ದರು’ ಅಂದದ್ದನ್ನು ನಾನು ಸ್ವಲ್ಪ ತಡೆದು ಹೇಳುತ್ತಿದ್ದೆ.

ಒಂದು ಸಂಗತಿ ಮಾತ್ರ ಬಿಡಬೇಡಿ. ಹಳೆಯ ಹೆರೋದ ಸತ್ತಾಗ ಗಲಿಲಾಯದಲ್ಲಿ ದಂಗೆ ಎದ್ದಿತು. ರೋಮಿನ ಸೇನಾಪತಿ ವಾರುಸ್ ಬಂದು ನಜರೇತಿನಿಂದ ಆರೇ ಕಿಲೋಮೀಟರ್ ದೂರದ ಸೆಫೋರಿಸ್ ಪಟ್ಟಣವನ್ನು ಸುಡಿಸಿದ, ಆಮೇಲೆ ಸುಮಾರು ಎರಡು ಸಾವಿರ ಜನರನ್ನು ಶಿಲುಬೆಗೇರಿಸಿದ ಅಂತ ಜೋಸೆಫಸ್ ಬರೆಯುತ್ತಾನೆ. ಯೇಸು ಕೂಸಾಗಿದ್ದ ಕಾಲ ಅದು. ಮುಂದೆ ‘ನಿನ್ನ ಶಿಲುಬೆ ಹೊತ್ತುಕೊಂಡು ಬಾ’ ಅಂತ ಯೇಸು ಹೇಳಿದಾಗ ಆ ಸೀಮೆಯವರು ಅದನ್ನು ಹೇಗೆ ಕೇಳಿಸಿಕೊಂಡಿರಬೇಕು ಯೋಚಿಸಿ. ಅದು ಅವರ ಅಪ್ಪಂದಿರ ಕಾಲದಲ್ಲೇ ನಡೆದದ್ದು.


ಪ್ರಶ್ನೆ ಕೇಳಿದವರ ಮಾತು: ವರ್ಕ್‌ಶಾಪ್ ಫಿಟ್ಟರ್, ಹುಬ್ಬಳ್ಳಿ

ಎಲ್ಲರಿಗೂ ವಂದನೆ. ಟೀಚರ್, ನೀವು ಹೇಳಿದ ಹಾಗೆ ಹಿರಿಯರ ಮನೆಗೆ ಹೋಗಿದ್ದೆ. ಪಿಲಾತನ ಮಾತು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಪಿಲಾತ ಯಾವ ಊರಲ್ಲಿ ಇರುತ್ತಿದ್ದ, ಯೆರೂಸಲೇಮಿನಲ್ಲೇನಾ ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಕೂಟಕ್ಕೆ ಬಂದು ಕೂರುತ್ತೇನೆ ಅಂದಿದ್ದಾರೆ.

ಆ ಹುಡುಗನಿಗೆ ಕೂಲಿಯಾಳಿನ ವಚನ ತೋರಿಸಿದೆ. ‘ಹಾಗಾದರೆ ಆ ಕೂಲಿಯಾಳುಗಳ ಕಥೆ ಏನು, ಅವರನ್ನು ಯಾಕೆ ಕರೆಯಲಿಲ್ಲ’ ಅಂತ ಮತ್ತೆ ಕೇಳಿದ್ದಾನೆ! ಅವನು ಈಗ ಮನೆಯಲ್ಲಿ ತಾನೇ ಓದುತ್ತಿದ್ದಾನೆ, ನನಗೆ ಅಷ್ಟೇ ಸಂತೋಷ ಸಾಕು.

ಇನ್ನೊಂದು ಸಂಶಯ. ಹಳೆಯ ಪ್ರತಿಗಳಲ್ಲಿ ಮಾರ್ಕನ ಸುವಾರ್ತೆ 16:8ಕ್ಕೇ ಮುಗಿಯುತ್ತದೆ ಅಂತ ಓದಿದೆ. ಇದನ್ನು ಹುಡುಗರಿಗೆ ಹೇಳಲೋ ಬೇಡವೋ?


ಉತ್ತರ: ಬೆಟಗೇರಿ ಟೀಚರ್, ಗದಗ

ಹೇಳು ತಮ್ಮಾ. ಮುಚ್ಚಿಟ್ಟರೆ ನಾಳೆ ಮೊಬೈಲಿನಲ್ಲಿ ಅವರೇ ಓದುತ್ತಾರೆ. ಆಗ ‘ಅಣ್ಣ ನಮಗೆ ಯಾಕೆ ಹೇಳಲಿಲ್ಲ’ ಅನ್ನುತ್ತಾರೆ. ನಾಲ್ಕನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳಿವೆ, ಸಿನೈಟಿಕಸ್ ಮತ್ತು ವ್ಯಾಟಿಕನಸ್. ಎರಡರಲ್ಲೂ 9ರಿಂದ 20ರವರೆಗಿನ ವಚನ ಇಲ್ಲ. ಈಗಿನ ಹಲವು ಬೈಬಲ್ ಮುದ್ರಣಗಳಲ್ಲಿ ಅದನ್ನು ಟಿಪ್ಪಣಿಯಲ್ಲಿ ಹಾಕಿರುತ್ತಾರೆ. ಎಂಟನೇ ವಚನದ ಹೊತ್ತಿಗೆ ಸಮಾಧಿ ಬರಿದಾಗಿದೆ, ಅವನು ಎದ್ದಿದ್ದಾನೆ ಅನ್ನುವ ಮಾತು ಕೇಳಿಬಂದಿದೆ, ಗಲಿಲಾಯಕ್ಕೆ ಹೋಗಿ ಅಂತ ಶಿಷ್ಯರಿಗೆ ಹೇಳಿ ಕಳಿಸಲಾಗಿದೆ. ಪುನರುತ್ಥಾನ ಅಲ್ಲಿಯೇ ಇದೆ. ಹಾಗಾಗಿ ಯಾರೂ ಹೆದರಬೇಕಿಲ್ಲ. ಮತ್ತೆ ಗಲಿಲಾಯ ಅಂದದ್ದನ್ನು ಗಮನಿಸಿ. ರಾಜಧಾನಿಗೂ ಅಲ್ಲ, ದೇವಾಲಯಕ್ಕೂ ಅಲ್ಲ, ದೋಣಿ ಬಲೆ ಬಿಟ್ಟು ಬಂದ ಆ ಸೀಮೆಗೇ ಹೋಗಿ ಅನ್ನುವ ಮಾತು ಅದು.

ಹಿರಿಯರು ಕೇಳಿದ್ದು ಒಳ್ಳೆಯ ಪ್ರಶ್ನೆ. ಪಿಲಾತ ಇರುತ್ತಿದ್ದದ್ದು ಸಮುದ್ರತೀರದ ಕೈಸರೈಯದಲ್ಲಿ. ಪಸ್ಕದಂಥ ದೊಡ್ಡ ಹಬ್ಬಗಳಿಗೆ ಯೆರೂಸಲೇಮಿನಲ್ಲಿ ಜನ ಕಿಕ್ಕಿರಿದು ಸೇರುತ್ತಿದ್ದರು. ಆ ಹಬ್ಬವೇ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನದು. ಗದ್ದಲ ಆಗಬಾರದು ಅಂತ ರೋಮಿನ ಅಧಿಪತಿ ಸೈನ್ಯದ ಜೊತೆ ಅಲ್ಲಿಗೆ ಬಂದು ಕೂರುತ್ತಿದ್ದ. ಹಬ್ಬದಲ್ಲಿ ಹಿಡಿಯಬಾರದು, ಜನ ದಂಗೆ ಎದ್ದಾರು ಅಂತ 14:2ರಲ್ಲಿ ಮುಖಂಡರು ಮಾತಾಡಿಕೊಳ್ಳುವುದು ಇದೇ ಭಯಕ್ಕೆ. ಯೇಸು ಅದೇ ವಾರ ದೇವಾಲಯದ ಅಂಗಳದಲ್ಲಿ ನಾಣ್ಯ ಬದಲಿಸುವವರ ಮೇಜು, ಪಾರಿವಾಳ ಮಾರುವವರ ಕುರ್ಚಿ ಕೆಡವಿದ್ದಾನೆ. ದೇವಾಲಯದ ತೆರಿಗೆಯನ್ನು ತೂರ್ ಪಟ್ಟಣದ ಬೆಳ್ಳಿ ನಾಣ್ಯದಲ್ಲಿ ಕಟ್ಟಬೇಕಿತ್ತು, ಅದಕ್ಕೆ ಆ ಮೇಜುಗಳು. ಪಾರಿವಾಳ ಬಡವರ ಬಲಿ. ಕುರಿ ಕೊಡಲಾಗದವರು ಅದನ್ನು ಕೊಡುತ್ತಿದ್ದರು, ಯೇಸುವಿನ ತಾಯಿ ಮರಿಯಳೂ ಅದನ್ನೇ ಕೊಟ್ಟಳು ಅಂತ ಲೂಕನಲ್ಲಿದೆ. ಇಷ್ಟು ತಿಳಿದ ಮೇಲೆ ಶುಭ ಶುಕ್ರವಾರದ ಪಾಠ ಓದಿದರೆ ಆ ವಾರದ ಬಿಸಿ ತಾಗುತ್ತದೆ.

ಧಾರವಾಡದ ತಮ್ಮ ಹೇಳಿದ್ದನ್ನು ನಾನು ಒಪ್ಪುತ್ತೇನೆ, ಇಡೀ ಗಲಿಲಾಯ ಹಸಿದಿತ್ತು ಅನ್ನಲು ಆಗುವುದಿಲ್ಲ. ಆದರೆ ಆ ಹುಲ್ಲಿನ ಮೇಲೆ ಕೂತವರು ಹಸಿದಿದ್ದರು, ಅಷ್ಟು ಮಾರ್ಕನೇ ಹೇಳುತ್ತಾನೆ. ಬ್ಯಾಡಗಿಯ ಅಣ್ಣನವರೇ, ನಿಮ್ಮ ಸಿಟ್ಟನ್ನು ಬಿಟ್ಟುಕೊಡಬೇಡಿ. ಮುಂದಿನ ಸಲ ನಮ್ಮ ಕೂಟದಲ್ಲಿ ಆ ಸಾಮ್ಯ ಬಂದಾಗ ನಾನು ಅದನ್ನು ಹೇಳುತ್ತೇನೆ.

ಕೂಲಿಯಾಳುಗಳನ್ನು ಯಾಕೆ ಕರೆಯಲಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇಷ್ಟು ಮಾತ್ರ ಹೇಳಬಲ್ಲೆ. 15:41ರ ತನಕ ಮಾರ್ಕನು ಗಲಿಲಾಯದಿಂದ ಹಿಂಬಾಲಿಸಿ ಬಂದ ಹೆಂಗಸರ ಗುಂಪಿನ ಹೆಸರೇ ಎತ್ತುವುದಿಲ್ಲ. ಅವರು ಮೊದಲಿನಿಂದ ಜೊತೆಗಿದ್ದರು ಅಂತ ಶಿಲುಬೆಯ ಹತ್ತಿರ ಬಂದಾಗ ನಮಗೆ ಗೊತ್ತಾಗುತ್ತದೆ. ಹೆಸರು ಬರೆಯದವರು ಹಿಂದೆ ನಡೆದಿರಲಿಲ್ಲ ಅಂತ ತಿಳಿಯಬೇಡ ಅಂತ ಅವನಿಗೆ ಹೇಳು.

ಕೊನೆಯ ಕೂಟಕ್ಕೆ ಒಂದು ಕೆಲಸ ಮಾಡು. 14, 15ನೇ ಅಧ್ಯಾಯ ಪೂರ್ತಿ, ಆಮೇಲೆ 16:1ರಿಂದ 8, ನಡುವೆ ನಿಲ್ಲಿಸದೆ, ವಿವರಣೆ ಇಲ್ಲದೆ ಓದಿಸು. 14ನೇ ಅಧ್ಯಾಯ ಆ ಹುಡುಗನಿಗೆ ಕೊಡು. 15 ಹಿರಿಯರಿಗೆ ಕೊಡು. 16 ಒಬ್ಬ ಹುಡುಗಿ ಓದಲಿ. ಪ್ರಶ್ನೆಗಳೆಲ್ಲ ಓದಾದ ಮೇಲೆ.